ಪೆಲೆಟ್ ಸ್ಟವ್ 20 ನಿಮಿಷ ಉರಿದು ತಾನೇ ಆರ್ತಿದೆ, ಗಾಜು ಪೂರ್ತಿ ಕಪ್ಪು, ಬೋರ್ಡ್ ಬದಲಾಯಿಸ್ಬೇಕಂತೆ. ಏನ್ ಮಾಡ್ಲಿ?

ಬೆಚ್ಚನೆಗೂಡು

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಪೆಲೆಟ್ ಸ್ಟವ್ (ಮರದ ಪುಡಿ ಒತ್ತಿ ಮಾಡಿದ ಕಾಳು ಉರಿಸಿ ಮನೆ ಬೆಚ್ಚಗಿಡೋ ಒಲೆ) ಹಾಕಿಸಿ ಇದು ಮೂರನೇ ಚಳಿಗಾಲ. ಮೊದಲೆರಡು ವರ್ಷ ಒಂದು ತಕರಾರಿಲ್ಲ, ಬಟನ್ ಒತ್ತಿದ್ರೆ ಹತ್ಕೊಳ್ಳೋದು, ರಾತ್ರಿಯೆಲ್ಲ ಉರಿಯೋದು. ಈ ಸಲ ಶುರುವಿಂದ್ಲೇ ಕಾಟ. ಹತ್ಕೊಳ್ಳುತ್ತೆ ಆದ್ರೆ ತುಂಬ ಹೊತ್ತು ತಗೊಳುತ್ತೆ, ಉರಿ ಮೊದಲಿನ ಹಾಗೆ ಚುರುಕಾಗಿಲ್ಲ, ಕಿತ್ತಳೆ ಬಣ್ಣದಲ್ಲಿ ಉದ್ದಕ್ಕೆ ಜೋಲಾಡುತ್ತೆ, ತುದೀಲಿ ಕಪ್ಪು ಹೊಗೆ. ಬೆಳಿಗ್ಗೆ ಗಾಜು ಒರೆಸಿದ್ರೆ ಮಧ್ಯಾಹ್ನಕ್ಕೆ ಒಳಗೆ ಏನೂ ಕಾಣಲ್ಲ. ಬರ್ನ್‌ಪಾಟ್‌ನಲ್ಲಿ (ಪೆಲೆಟ್ ಬಿದ್ದು ಉರಿಯೋ ತೂತಿನ ಬಟ್ಟಲು) ಪೆಲೆಟ್ ಅರ್ಧಂಬರ್ಧ ಉರಿದು ಗುಡ್ಡೆ ಬೀಳ್ತಿದೆ. ಈಗ ಒಂದು ವಾರದಿಂದ 20 ನಿಮಿಷ ಉರಿದು ಪ್ರೆಷರ್ ಎರರ್ ತೋರಿಸಿ ಆಫ್ ಆಗ್ತಿದೆ.

ಟೆಕ್ನಿಷಿಯನ್ ಬಂದು ಪ್ರೆಷರ್ ಸ್ವಿಚ್ ಹೋಗಿದೆ ಅಂತ ಹೊಸದು ಹಾಕಿದ್ರು. ಎರಡು ದಿನ ಉರೀತು, ಆಮೇಲೆ ಅದೇ ಕಥೆ. ಈಗ ಕಂಟ್ರೋಲ್ ಬೋರ್ಡೇ ಹೋಗಿದೆ ಅಂತಿದಾರೆ. ಮನೇಲಿ ವಯಸ್ಸಾದ ಅತ್ತೆ ಇದ್ದಾರೆ, ಅವರ ರೂಮು ಬೆಚ್ಚಗಿರೋದು ಇದೊಂದ್ರಿಂದ್ಲೇ. ಬೋರ್ಡಿಗೆ ಹೂಂ ಅನ್ನೋ ಮುಂಚೆ ನಿಮ್ಮನ್ನ ಕೇಳೋಣ ಅನ್ನಿಸ್ತು. ಗೊತ್ತಿರೋರು ದಯವಿಟ್ಟು ಹೇಳಿ.

ಹಾಪರ್ಹಳಬ

ಮೇಡಂ, ಬೋರ್ಡಿಗೆ ಈಗ್ಲೇ ಹೂಂ ಅನ್ಬೇಡಿ. ನೀವು ಬರ್ದಿರೋದ್ರಲ್ಲಿ ಬೋರ್ಡಿನ ಲಕ್ಷಣ ಒಂದೂ ಇಲ್ಲ, ಇದು ಉಸಿರು ಕಟ್ಟಿರೋ ಸ್ಟವ್. ಜೋಲಾಡೋ ಉರಿ, ಕಪ್ಪು ತುದಿ, ಕಪ್ಪು ಗಾಜು, ಗುಡ್ಡೆ ಬಿದ್ದಿರೋ ಪೆಲೆಟ್, ಕೊನೆಗೆ ಪ್ರೆಷರ್ ಎರರ್, ನಾಲ್ಕೈದೂ ಒಂದೇ ಕಡೆ ಬೆರಳು ತೋರಿಸ್ತಿವೆ.

ಆ ಸ್ವಿಚ್ ಏನ್ ಮಾಡುತ್ತೆ ಅಂತ ಹೇಳ್ತೀನಿ, ಗೊತ್ತಾದ್ರೆ ಮುಂದಿನದು ಸುಲಭ. ಹೊಗೆ ಎಳೆಯೋ ಫ್ಯಾನ್ ಹಿಂದ್ಗಡೆ ಇರುತ್ತೆ, ಅದು ಗಾಳಿನ ಒಳಗೆ ಊದಲ್ಲ, ಒಲೆಯಿಂದ ಹೊರಗೆ ಎಳೆಯುತ್ತೆ. ಎಳೆದಾಗ ಒಳಗೆ ಸ್ವಲ್ಪ ಒತ್ತಡ ಕಮ್ಮಿ ಆಗುತ್ತೆ, ಆ ಜಾಗಕ್ಕೆ ಬರ್ನ್‌ಪಾಟ್‌ನ ತೂತುಗಳಿಂದ ಹೊಸ ಗಾಳಿ ನುಗ್ಗುತ್ತೆ, ಅದ್ರಿಂದ ಉರಿ. ಒಂದು ಸಣ್ಣ ರಬ್ಬರ್ ಪೈಪಿನ ಮೂಲಕ ಆ ಎಳೆತ ಇದೆಯಾ ಅಂತ ಸ್ವಿಚ್ ನೋಡ್ತಿರುತ್ತೆ. ಎಳೆತ ಸಾಲ್ದೇ ಹೋದ್ರೆ ಪೆಲೆಟ್ ಹಾಕೋದು ನಿಲ್ಲಿಸುತ್ತೆ, ಯಾಕಂದ್ರೆ ಎಳೆತ ಇಲ್ದೆ ಉರಿದ್ರೆ ಹೊಗೆ ಮನೆ ಒಳಗೆ ಬರುತ್ತೆ. ಎಷ್ಟೋ ಸ್ಟವ್‌ಗಳಲ್ಲಿ ಈ ಎಳೆತ 25 ಪ್ಯಾಸ್ಕಲ್ ಆಸುಪಾಸು ಅಷ್ಟೇ, ಅಂದ್ರೆ ಎರಡೂವರೆ ಮಿಲಿಮೀಟರ್ ನೀರಿನ ಎತ್ತರದಷ್ಟು. ಅಷ್ಟು ನಾಜೂಕು. ಹಾಗಾಗಿ ದಾರೀಲಿ ಎಲ್ಲೋ ಒಂದು ಕಡೆ ಬೂದಿ ಕಟ್ಕೊಂಡ್ರೂ ಸಾಕು.

ಅಂದ್ರೆ ನಿಮ್ಮ ಹಳೇ ಸ್ವಿಚ್ ಬಹುಶಃ ಚೆನ್ನಾಗೇ ಇತ್ತು, ಎಳೆತ ಇಲ್ಲ ಅಂತ ಸರಿಯಾಗೇ ಹೇಳ್ತಿತ್ತು. ಅದನ್ನ ಬಿಸಾಕ್ಬೇಡಿ, ಎತ್ತಿಡಿ.

ಈಗ ನನಗೆ ಮೂರು ವಿಷಯ ಹೇಳಿ. ಮೂರು ವರ್ಷದಲ್ಲಿ ಒಟ್ಟು ಎಷ್ಟು ಚೀಲ ಉರಿಸಿದೀರ? ಕ್ಲೀನಿಂಗ್ ಅಂತ ಏನೇನ್ ಮಾಡ್ತೀರ? ಒಲೆ ಒಳಗಿನ ಹಿಂದಿನ ಗೋಡೆ ಇದ್ಯಲ್ಲ, ಇಟ್ಟಿಗೆ ಥರ ಕಾಣೋ ಹಲಗೆ, ಅದನ್ನ ಯಾವತ್ತಾದ್ರೂ ಬಿಚ್ಚಿದೀರ?

ನಟ್ಟುಬೋಲ್ಟು

ಹಳಬ ಸಾರ್ ಹೇಳಿದ್ದು ಸರಿ ಆದ್ರೆ ಬೋರ್ಡ್ ಹೋಗೋದೇ ಇಲ್ಲ ಅಂತ ಅನ್ಕೋಬೇಡಿ, ನಂದು ಹೋಗಿತ್ತು. ಮಳೆಗಾಲದಲ್ಲಿ ಪ್ಲಗ್ ಹಾಗೇ ಬಿಟ್ಟಿದ್ದೆ, ಸಿಡಿಲು ಬಡಿದ ರಾತ್ರಿ ಹೋಯ್ತು. ಆದ್ರೆ ಆಗ ಏನಾಯ್ತು ಅಂದ್ರೆ ಡಿಸ್‌ಪ್ಲೇನೇ ಬರ್ಲಿಲ್ಲ, ಫ್ಯಾನ್ ಇಲ್ಲ, ಏನೂ ಇಲ್ಲ. ಉರಿ ಕಪ್ಪಾಗೋದಕ್ಕೂ ಬೋರ್ಡಿಗೂ ನೇರ ಸಂಬಂಧ ಇಲ್ಲ, ಫ್ಯಾನ್ ಸ್ಪೀಡ್ ಕಮ್ಮಿ ಕೊಡ್ತಿದ್ರೆ ಮಾತ್ರ ಆಗ್ಬಹುದು, ಅದು ಅಪರೂಪ. ಮೊದ್ಲು ಕ್ಲೀನ್ ಮಾಡಿ ಆಮೇಲೆ ಮೀಟರ್ ಹಿಡಿಯೋಣ.

ಬೆಚ್ಚನೆಗೂಡು

ತುಂಬ ಥ್ಯಾಂಕ್ಸ್ ಇಬ್ರಿಗೂ. ಮೊದಲೆರಡು ವರ್ಷ ಸುಮಾರು 100-100 ಚೀಲ, ಈ ವರ್ಷ ಇನ್ನೂ 15, ಎಲ್ಲಾ 15 ಕೆಜಿ ಚೀಲ. ಕ್ಲೀನಿಂಗ್ ಅಂದ್ರೆ ದಿನಾ ಬರ್ನ್‌ಪಾಟ್ ಕೆರೆದು ಬೂದಿ ತೆಗೀತೀನಿ, ಗಾಜು ಒರೆಸ್ತೀನಿ, ವಾರಕ್ಕೊಮ್ಮೆ ಬೂದಿ ಟ್ರೇ ಖಾಲಿ. ಹಿಂದಿನ ಹಲಗೆ ಬಿಚ್ಚಬಹುದು ಅನ್ನೋದೇ ಗೊತ್ತಿರ್ಲಿಲ್ಲ. ಹೊಗೆ ಪೈಪನ್ನ ಹೋದ ವರ್ಷ ಒಂದ್ಸಲ ಬ್ರಷ್ ಹಾಕಿ ಕ್ಲೀನ್ ಮಾಡ್ಸಿದ್ವಿ.

ಹಾಪರ್ಹಳಬ

ಲೆಕ್ಕ ಹಾಕಿ ನೋಡಿ ಮೇಡಂ. 215 ಚೀಲ ಅಂದ್ರೆ 3,225 ಕೆಜಿ. ಇಎನ್‌ಪ್ಲಸ್ (ಯುರೋಪಿನ ಪೆಲೆಟ್ ಗುಣಮಟ್ಟದ ಗುರುತು) ಎ1 ದರ್ಜೆಯ ಪೆಲೆಟ್‌ನಲ್ಲಿ ಬೂದಿ ಗರಿಷ್ಠ 0.7% ಇರ್ಬಹುದು. ಗರಿಷ್ಠದ ಲೆಕ್ಕದಲ್ಲಿ 22 ಕೆಜಿ, ಅರ್ಧ ಅಂತ ಇಟ್ಕೊಂಡ್ರೂ 11 ಕೆಜಿ ಬೂದಿ ನಿಮ್ಮ ಸ್ಟವ್ ಒಳಗೆ ಹುಟ್ಟಿದೆ. ದಪ್ಪ ಬೂದಿ ಟ್ರೇಗೆ ಬಿತ್ತು, ನೀವು ಚೆಲ್ಲಿದ್ರಿ. ಮುಖಕ್ಕೆ ಹಚ್ಚೋ ಪೌಡರ್‌ಗಿಂತ ನಯವಾದದ್ದು ಗಾಳಿ ಜೊತೆ ಹಾರಿ ಹಿಂದ್ಗಡೆ ಹೋಯ್ತು. ಅದು ಕೂರೋ ಜಾಗಗಳು ಹೊರಗಿಂದ ಕಾಣೋದೇ ಇಲ್ಲ.

ಒಂದು ದಿನ ಪೂರ್ತಿ ಬಿಡುವು ಮಾಡ್ಕೊಳ್ಳಿ. ಹಿಂದಿನ ರಾತ್ರಿ ಆರಿಸಿ ಬೆಳಿಗ್ಗೆ ಪೂರ್ತಿ ತಣ್ಣಗಾಗಿರ್ಲಿ, ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಕಡೆ ಇಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲ್ದು.

ಮೊದ್ಲು ಬರ್ನ್‌ಪಾಟ್ ಹೊರಗೆ ತೆಗೀರಿ, ಬೆಳಕಿಗೆ ಹಿಡಿದು ಒಂದೊಂದು ತೂತಲ್ಲೂ ಬೆಳಕು ಬರುತ್ತಾ ನೋಡಿ. ದಿನಾ ಕೆರೆಯೋರೂ ಇಲ್ಲಿ ಮೋಸ ಹೋಗ್ತಾರೆ, ಮೇಲಿನ ಬೂದಿ ಹೋಗಿರುತ್ತೆ, ತೂತಿನ ಒಳಗೆ ಕಿಟ್ಟ ಕಟ್ಟಿರುತ್ತೆ. ಸರಿಯಾದ ಅಳತೆಯ ಡ್ರಿಲ್ ಬಿಟ್ಟನ್ನ ಕೈಯಲ್ಲೇ ತಿರುಗಿಸಿ ಬಿಡಿಸಿ, ಮೆಷಿನ್ ಹಾಕಿ ತೂತು ದೊಡ್ಡದು ಮಾಡ್ಬೇಡಿ. ಪಾಟ್ ಕೂರೋ ಗೂಡಿನ ಒಳಗೂ ಬೂದಿ ತುಂಬಿರುತ್ತೆ, ಅಲ್ಲೇ ಬೆಂಕಿ ಹತ್ತಿಸೋ ಇಗ್ನೈಟರ್ ಕಡ್ಡಿ ಇರೋದು. ಅದರ ಸುತ್ತ ಗಾಳಿ ಹೋಗೋ ಕೊಳವೆ ಕಟ್ಟಿದ್ರೆ ಬಿಸಿ ಗಾಳಿ ಪೆಲೆಟ್‌ಗೆ ತಲುಪಲ್ಲ, ನಿಮ್ಮದು ಹತ್ಕೊಳ್ಳೋಕೆ ಹೊತ್ತು ತಗೊಳ್ಳೋದು ಇದಕ್ಕೇ ಇರ್ಬಹುದು.

ಆಮೇಲೆ ಮುಖ್ಯವಾದ್ದು. ಹಿಂದಿನ ಹಲಗೆ ಎತ್ತಿ ಈಚೆ ಎಳೆದ್ರೆ ಬರುತ್ತೆ, ಕೆಲವು ಮಾಡೆಲ್‌ಗೆ ಎರಡು ಸ್ಕ್ರೂ. ಅದರ ಹಿಂದೆ ಹೊಗೆ ಕೆಳಗಿಳಿಯೋ ದಾರಿ ಇದೆ. ಅದರ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಬೂದಿ ಗುಂಡಿ, ಸಣ್ಣ ಮುಚ್ಚಳ ಇರುತ್ತೆ, ಮ್ಯಾನುಯಲ್‌ನಲ್ಲಿ ಚಿತ್ರ ಹಾಕಿರ್ತಾರೆ. ಮೇಲ್ಗಡೆ ಬಿಸಿ ಕೊಳವೆಗಳ ಮೇಲೂ ಒಂದು ಪದರ ಕೂತಿರುತ್ತೆ, ಅದೂ ಹೋಗ್ಬೇಕು, ಇಲ್ದಿದ್ರೆ ಶಾಖ ಮನೆಗೆ ಬರೋ ಬದ್ಲು ಪೈಪಲ್ಲಿ ಹೊರಗೆ ಹೋಗುತ್ತೆ. ರಬ್ಬರ್ ಸುತ್ತಿಗೆಯಿಂದ ಒಳಗೋಡೆಗೆ ಮೆಲ್ಲಗೆ ತಟ್ಟಿ, ತಟ್ಟಿದಷ್ಟೂ ಉದುರುತ್ತೆ. ಇಟ್ಟಿಗೆ ಹಲಗೆಗೆ ಮಾತ್ರ ತಟ್ಟಬೇಡಿ, ಕೆಲವು ಹಗುರದ ಹಲಗೆಗಳು ಬಿಸ್ಕತ್ತಿನ ಹಾಗೆ ಮುರೀತವೆ.

ಕೊನೆಗೆ ಹೊಗೆ ಫ್ಯಾನ್. ಅದರ ರೆಕ್ಕೆಗಳ ಮೇಲೆ ಬೂದಿ ಮೆತ್ಕೊಂಡ್ರೆ ಫ್ಯಾನ್ ಜೋರಾಗೇ ತಿರುಗ್ತಿರುತ್ತೆ ಆದ್ರೆ ಗಾಳಿ ಎಳೆಯಲ್ಲ, ಶಬ್ದ ಕೇಳಿ ಚೆನ್ನಾಗಿದೆ ಅನ್ಕೋತೀವಿ. ಮೋಟಾರ್ ಬಿಚ್ಚಿ ಈಚೆ ತೆಗೆದ್ರೆ ಹೊಸ ಗ್ಯಾಸ್ಕೆಟ್ ಹಾಕೇ ಜೋಡಿಸ್ಬೇಕು, ಹಳೇದು ಹರಿದಿರುತ್ತೆ, ಆ ಸಂದಿಯಿಂದ ಹೊಗೆ ಮನೆಗೆ ಬರುತ್ತೆ. ಹಾಗಾಗಿ ಗ್ಯಾಸ್ಕೆಟ್ ಕೈಗೆ ಬರೋವರೆಗೂ ಫ್ಯಾನ್ ಬಿಚ್ಚಬೇಡಿ, ಒಳಗಿಂದ ಎಷ್ಟು ಕೈ ಹೋಗುತ್ತೋ ಅಷ್ಟು ಬ್ರಷ್ ಮಾಡಿ. ಪೈಪಿನ ಬುಡದ ಟೀ (T ಆಕಾರದ ಜೋಡಣೆ) ಮುಚ್ಚಳ ತೆಗೆದು ನೋಡೋದು ಮರೀಬೇಡಿ, ಮೇಲಿಂದ ಬ್ರಷ್ ಹಾಕಿದಾಗ ಉದುರಿದ್ದೆಲ್ಲ ಅಲ್ಲೇ ಬಿದ್ದಿರುತ್ತೆ, ಎಷ್ಟೋ ಜನ ಅದನ್ನ ತೆಗೆಯೋದೇ ಇಲ್ಲ.

ಮಸಿಗೈ

ಒಂದು ಮಾತು ಸೇರಿಸ್ತೀನಿ ಅಕ್ಕ. ಮನೆ ಗುಡಿಸೋ ವ್ಯಾಕ್ಯೂಮ್ ಹಾಕ್ಬೇಡಿ. ಆ ಬೂದಿ ಎಷ್ಟು ನಯ ಅಂದ್ರೆ ಮಾಮೂಲಿ ಚೀಲದಲ್ಲಿ ನಿಲ್ಲಲ್ಲ, ಹಿಂದಿನಿಂದ ರೂಮಿಗೇ ಊದುತ್ತೆ. ಜೊತೆಗೆ ಒಂದೇ ಒಂದು ಕೆಂಡ ಒಳಗೆ ಹೋದ್ರೂ ಚೀಲ ಹತ್ಕೊಳ್ಳುತ್ತೆ, ಗಾಳಿ ಬೇರೆ ಬೀಸ್ತಿರುತ್ತಲ್ಲ. ಬೂದಿಗೇ ಅಂತ ಲೋಹದ ಡಬ್ಬಿಯ ವ್ಯಾಕ್ಯೂಮ್ ಬರುತ್ತೆ, ಅದೂ ತಣ್ಣಗಾದ ಬೂದಿಗೆ ಮಾತ್ರ. ಮಾಸ್ಕ್ ಹಾಕ್ಕೊಳ್ಳಿ.

ತೆಗೆದ ಬೂದಿನ ಮುಚ್ಚಳ ಇರೋ ಕಬ್ಬಿಣದ ಬಕೆಟ್‌ಗೆ ಹಾಕಿ ಮನೆ ಹೊರಗೆ, ಕಲ್ಲಿನ ಮೇಲೋ ಸಿಮೆಂಟಿನ ಮೇಲೋ ಇಡಿ. ಮರದ ಜಗಲಿ ಮೇಲೆ ಬೇಡ, ಪ್ಲಾಸ್ಟಿಕ್ ಬಕೆಟ್ ಬೇಡ, ರಟ್ಟಿನ ಡಬ್ಬಿ ಬೇಡ. ಬೂದಿ ಮುಚ್ಚಿದ ಕೆಂಡ ಅಂತ ಸುಮ್ನೆ ಹೇಳಲ್ಲ, ಒಳಗಿನ ಕೆಂಡ ದಿನಗಟ್ಟಲೆ ಜೀವ ಇಟ್ಕೊಂಡಿರುತ್ತೆ.

ಕ್ಲೀನ್ ಆದ್ಮೇಲೆ ಬಾಗಿಲಿನ ಗ್ಯಾಸ್ಕೆಟ್ ಹಗ್ಗ ನೋಡಿ. ಒಂದು ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಹಾಕಿ, ಎಳೀರಿ. ಬಿಗಿಯಾಗಿ ಬಂದ್ರೆ ಸರಿ, ಬೆಣ್ಣೆ ಥರ ಜಾರಿದ್ರೆ ಅಲ್ಲಿ ಗಾಳಿ ಸೋರ್ತಿದೆ. ಸುತ್ತಲೂ ಹತ್ತು ಕಡೆ ಮಾಡಿ. ಬೂದಿ ಟ್ರೇ ಬಾಗಿಲಿಗೂ ಮಾಡಿ, ಪೆಲೆಟ್ ತುಂಬೋ ಹಾಪರ್ ಮುಚ್ಚಳಕ್ಕೂ ಮಾಡಿ. ಬಾಗಿಲಲ್ಲಿ ಗಾಳಿ ಸೋರಿದ್ರೆ ಫ್ಯಾನ್ ಎಳೆಯೋದು ಆ ಸಂದಿಯಿಂದ, ಬರ್ನ್‌ಪಾಟ್‌ನಿಂದ ಅಲ್ಲ. ಒಲೆ ಒಳಗೆ ಗಾಳಿ ಇರುತ್ತೆ, ಉರಿಗೆ ಸಿಗಲ್ಲ.

ಸೌದೆಸಾಲು

ಎಲೆ ಊದೋ ಮೆಷಿನ್ ಇದ್ರೆ ಅದನ್ನ ಎಳೆಯೋ ಕಡೆಗೆ ಹಾಕಿ ಹೊರಗಿನ ಹೊಗೆ ಪೈಪಿನ ಬಾಯಿಗೆ ಸೇರಿಸಿ 10 ನಿಮಿಷ ಓಡ್ಸಿ, ಎಲ್ಲಾ ಒಂದೇ ಏಟಿಗೆ ಬರುತ್ತೆ. ನಾನು ಪ್ರತಿ ವರ್ಷ ಹಂಗೇ ಮಾಡೋದು. ಹೊರಗೆ ಬೂದಿ ಮೋಡನೇ ಬರುತ್ತೆ.

ಹಾಪರ್ಹಳಬ

ಸೌದೆಸಾಲು ಅವರು ಹೇಳಿದ್ದು ಕೆಲಸ ಮಾಡುತ್ತೆ, ನಾನೂ ಮಾಡ್ತೀನಿ, ಆದ್ರೆ ಮೂರು ಎಚ್ಚರಿಕೆ. ಮೊದ್ಲು ಪ್ರೆಷರ್ ಸ್ವಿಚ್ಚಿನ ರಬ್ಬರ್ ಪೈಪು ಸ್ವಿಚ್ ಕಡೆಯಿಂದ ಕಿತ್ತಿಡಿ. 25 ಪ್ಯಾಸ್ಕಲ್‌ಗೆ ಮಾಡಿರೋ ತೆಳು ಪೊರೆ ಅದು, ಆ ಮೆಷಿನ್ನಿನ ಎಳೆತಕ್ಕೆ ಕೆಟ್ಟೇ ಹೋಗ್ಬಹುದು. ಎರಡನೇದು, ಒಲೆ ಹಿಂದಿನ ದಿನವೇ ಆರಿರ್ಬೇಕು, ಕೆಂಡ ಹೊರಗೆ ಹಾರ್ಬಾರ್ದು. ಮೂರನೇದು, ಎಳೆಯೋ ಬದ್ಲು ಊದೋ ಕಡೆ ಹಾಕಿದ್ರೆ ಬೂದಿಯೆಲ್ಲ ಮನೆ ಒಳಗೆ ಬರುತ್ತೆ. ಕಿಟ್ಟಕ್ಕೂ ಮಸಿಗೂ ಇದು ಸಾಲಲ್ಲ, ಹಲಗೆ ಬಿಚ್ಚಿ ಕೈಯಿಂದ ಮಾಡಿದ ಮೇಲೆ ಕೊನೆಯಲ್ಲಿ ಮಾಡೋ ಕೆಲಸ ಇದು.

ಅದೇ ರಬ್ಬರ್ ಪೈಪು ಕಿತ್ತಾಗ ಬಿಳಚಿಕೊಂಡು ಸೀಳಿದೆಯಾ ನೋಡಿ, ಅದು ಸೇರೋ ಲೋಹದ ಮೊಳೆಯಂಥ ತುದೀಲಿ ಬೂದಿ ಕಟ್ಟಿದ್ರೆ ತಂತಿ ಹಾಕಿ ಬಿಡಿಸಿ. ಬಾಯಿಂದ ಊದೋದಾದ್ರೆ ಒಲೆ ಕಡೆಗೆ ಊದಿ, ಸ್ವಿಚ್ ಒಳಗೆ ಎಂದೂ ಊದ್ಬೇಡಿ.

ರಾತ್ರಿಪಾಳಿ

ನನ್ ಪ್ರಕಾರ ಪೆಲೆಟ್ಟೇ ಸರಿ ಇಲ್ಲ. ನಂಗೂ ಹೀಗೇ ಆಗಿತ್ತು, ಬ್ರ್ಯಾಂಡ್ ಬದಲಾಯಿಸಿದ್ಮೇಲೆ ಸರಿ ಹೋಯ್ತು. ಪಾಟ್‌ನಲ್ಲಿ ಗಾಜಿನಂಥ ಗಟ್ಟಿ ಗಡ್ಡೆ ಬರ್ತಿತ್ತು.

ಮಸಿಗೈ

ರಾತ್ರಿಪಾಳಿ ಅಣ್ಣ, ಗಟ್ಟಿ ಗಡ್ಡೆ ಬಂದ್ರೆ ನೀವು ಹೇಳಿದ್ದು ಸರಿ, ಅದು ಕಿಟ್ಟ. ತೊಗಟೆ ಜಾಸ್ತಿ ಇದ್ರೆ, ಮರಕ್ಕೆ ಮಣ್ಣು ಮರಳು ಮೆತ್ಕೊಂಡಿದ್ರೆ ಬೂದಿ ಕಮ್ಮಿ ಬಿಸಿಗೇ ಕರಗಿ ಅಂಟುತ್ತೆ. ಎ1 ದರ್ಜೆಗೆ ಬೂದಿ 1,200 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗೋಕೆ ಶುರು ಆಗ್ಬಾರ್ದು ಅಂತಿದೆ. ತೇವ 10% ಮೀರ್ಬಾರ್ದು. ಆದ್ರೆ ಈ ಅಕ್ಕ ಹೇಳ್ತಿರೋದು ಕಪ್ಪು ಮಸಿ, ಅರ್ಧ ಉರಿದ ಪೆಲೆಟ್. ಎರಡೂ ಬೇರೆ. ಗಾಳಿ ಕಮ್ಮಿ ಆದ್ರೆ ಒಳ್ಳೇ ಪೆಲೆಟ್ಟೂ ಹೀಗೇ ಉರಿಯೋದು. ತೂತು ಕಟ್ಟಿದ ಪಾಟ್‌ನಲ್ಲಿ ಬೂದಿ ಕೆಂಡದ ಜೊತೆ ತುಂಬ ಹೊತ್ತು ಕೂತು ಕಿಟ್ಟ ಕಟ್ಟೋದೂ ಉಂಟು, ಹಾಗಾಗಿ ಕಿಟ್ಟ ಕಂಡ ತಕ್ಷಣ ಚೀಲದ ಮೇಲೆ ತಪ್ಪು ಹೊರಿಸೋಕಾಗಲ್ಲ.

ಪೆಲೆಟ್ ನೋಡೋಕೆ ನನ್ನ ದಾರಿ ಸರಳ. ಒಂದು ಲೋಟ ನೀರಿಗೆ ನಾಲ್ಕು ಕಾಳು ಹಾಕಿ, ಚೆನ್ನಾಗಿ ಒತ್ತಿದ ಪೆಲೆಟ್ ಮುಳುಗುತ್ತೆ, ತೇಲಿದ್ರೆ ಸಡಿಲ ಅಂತ ಅರ್ಥ. ಚೀಲದ ತಳದಲ್ಲಿ ಹೊಟ್ಟು ಎಷ್ಟಿದೆ ನೋಡಿ. ಕಾಳುಗಳ ಉದ್ದ ನೋಡಿ, 40 ಮಿಲಿಮೀಟರ್‌ಗಿಂತ ಉದ್ದ ಇರ್ಬಾರ್ದು, ಉದ್ದದ್ದು ಪೆಲೆಟ್ ತಳ್ಳೋ ತಿರುಪಿನಲ್ಲಿ, ಅಂದ್ರೆ ಆಗರ್‌ನಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ.

ರಾತ್ರಿಪಾಳಿ

ಸರಿ ಅಕ್ಕ, ಒಪ್ಕೋತೀನಿ. ನಾನು ಬ್ರ್ಯಾಂಡ್ ಬದಲಾಯಿಸಿದ ದಿನವೇ ಪಾಟ್ ಕೂಡ ಉಜ್ಜಿದ್ದೆ, ಈಗ ನೆನಪಾಯ್ತು. ಯಾವುದ್ರಿಂದ ಸರಿ ಹೋಯ್ತೋ ಹೇಳೋಕಾಗಲ್ಲ.

ಮಂಜುಹನಿ

ಬೆಚ್ಚನೆಗೂಡು ಅವರೇ, ಎಲ್ಲಕ್ಕಿಂತ ಮುಂಚೆ ಒಂದು ಕೇಳ್ತೀನಿ, ಮನೇಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ? ಅತ್ತೆಯವರ ರೂಮ್ ಹತ್ರ ಇದೆಯಾ? ಕಪ್ಪು ಹೊಗೆ ಕಾರೋ ಒಲೆ ಅಂದ್ರೆ ಆ ಗ್ಯಾಸ್ ಕೂಡ ಜಾಸ್ತಿ ಹುಟ್ತಿದೆ ಅಂತ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಮ್ಮನೇಲಿ ಒಂದು ರಾತ್ರಿ ನನಗೂ ಮಗಳಿಗೂ ಒಟ್ಟಿಗೇ ತಲೆನೋವು, ವಾಕರಿಕೆ, ಜ್ವರ ಬರ್ತಿದೆ ಅನ್ಕೊಂಡು ಮಲಗೋಕೆ ಹೊರಟಿದ್ವಿ, ಅಷ್ಟ್ರಲ್ಲಿ ಅಲಾರಂ ಕೂಗ್ತು. ಎಲ್ರೂ ಹೊರಗೆ ಓಡಿ ಬಂದು ಎಮರ್ಜೆನ್ಸಿಗೆ ಫೋನ್ ಮಾಡಿದ್ವಿ. ಪೈಪಿನ ಒಂದು ಜೋಡಣೆ ಸಡಿಲ ಆಗಿತ್ತು. ಆ ಅಲಾರಂ ಇಲ್ದಿದ್ರೆ ಅಂತ ಈಗ್ಲೂ ನೆನೆಸ್ಕೊಂಡ್ರೆ ಕೈ ನಡುಗುತ್ತೆ. ಮಲಗೋ ಕೋಣೆ ಹತ್ರ ಒಂದು ಇರ್ಲೇಬೇಕು, ಬ್ಯಾಟರಿ ನೋಡ್ತಾ ಇರಿ.

ಪ್ರೆಷರ್ ಸ್ವಿಚ್ಚಿನ ಎರಡು ವೈರ್ ಸೇರಿಸಿ ಬೈಪಾಸ್ ಮಾಡಿ ಓಡ್ಸಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳ್ಬೇಡಿ.

ಬೆಚ್ಚನೆಗೂಡು

ಅಲಾರಂ ಒಂದು ಹಾಲ್‌ನಲ್ಲಿದೆ, ಅತ್ತೆ ರೂಮಿಗೆ ಇವತ್ತೇ ಇನ್ನೊಂದು ತಂದು ಹಾಕ್ದೆ. ನೀವು ಬರ್ದಿದ್ದು ಓದಿ ಹೆದರಿಕೆನೇ ಆಯ್ತು. ಶನಿವಾರ ಕ್ಲೀನಿಂಗ್‌ಗೆ ಕೂರ್ತೀನಿ, ಅಲ್ಲಿವರೆಗೂ ಹಚ್ಚಲ್ಲ, ರೂಮಿಗೆ ಕರೆಂಟ್ ಹೀಟರ್ ಇಟ್ಟಿದೀನಿ.

ಬೆಚ್ಚನೆಗೂಡು

ಶನಿವಾರದ ವರದಿ. ಬೆಳಿಗ್ಗೆ 9ಕ್ಕೆ ಕೂತೆ, ಮುಗಿಯೋಷ್ಟ್ರಲ್ಲಿ ಸಂಜೆ 4.

ಬರ್ನ್‌ಪಾಟ್ ಕಿಟಕಿ ಬೆಳಕಿಗೆ ಹಿಡಿದ್ರೆ ಅರ್ಧಕ್ಕರ್ಧ ತೂತಲ್ಲಿ ಬೆಳಕೇ ಇಲ್ಲ. ದಿನಾ ಕೆರೀತಿದ್ದ ಪಾಟ್ ಇದು! ಎಲ್ಲಾ ಬಿಡ್ಸಿದೆ. ಅದರ ಕೆಳಗಿನ ಗೂಡು ಪೂರ್ತಿ ಬೂದಿ, ಇಗ್ನೈಟರ್ ಕಡ್ಡಿ ಹೂತು ಹೋಗಿತ್ತು. ಆಮೇಲೆ ಹಲಗೆ. ಮೇಲಕ್ಕೆ ಎತ್ತಿ ಎಳೆದೆ, ಅದರ ಹಿಂದಿನಿಂದ ಬೂದಿ ಹಿಟ್ಟಿನ ಮೂಟೆ ಒಡೆದ ಹಾಗೆ ಸುರೀತು. ಎಡಗಡೆ ಗುಂಡಿ ತುಂಬಿ ಮೇಲಕ್ಕೆ ಬಂದಿತ್ತು, ಬಲಗಡೇದು ಮುಕ್ಕಾಲು. ಎಡಗಡೆ ದಾರಿ ಪೂರ್ತಿ ಬಂದ್, ಇಷ್ಟು ದಿನ ಸ್ಟವ್ ಒಂದೇ ಮೂಗಿನ ಹೊಳ್ಳೆಯಿಂದ ಉಸಿರಾಡ್ತಿತ್ತು. ಪೈಪಿನ ಟೀ ಮುಚ್ಚಳ ತೆಗೆದ್ರೆ ಎರಡು ಮುಷ್ಟಿ ಕಪ್ಪು ಪುಡಿ. ಒಟ್ಟು ಬಕೆಟ್ಟಿನ ಮುಕ್ಕಾಲು ಭಾಗ ಬಂತು, ಇನ್ನೂ ಫ್ಯಾನ್ ಬಿಚ್ಚಿಲ್ಲ.

ಪ್ಲಗ್ ಹಾಕಿ ಹಚ್ಚಿದೆ. ಮೊದ್ಲು ಹತ್ತು ನಿಮಿಷದ ಮೇಲೆ ತಗೊಳ್ತಿದ್ದಿದ್ದು ನಾಲ್ಕೇ ನಿಮಿಷಕ್ಕೆ ಹತ್ಕೊಂಡ್ತು. ಉರಿ ಚಿಕ್ಕದು, ಹಳದಿ ಬಿಳುಪು, ಪಾಟ್‌ನಲ್ಲಿ ಪೆಲೆಟ್ ಕುಣೀತಿದೆ. ಮೂರು ಗಂಟೆ ಹೊತ್ತಿಂದ ಉರೀತಿದೆ, ಎರರ್ ಇಲ್ಲ. ಅತ್ತೆ ಬಂದು ಮುಂದೆ ಕೂತ್ಕೊಂಡು ಕೈ ಕಾಯಿಸ್ಕೋತಿದಾರೆ. ಹಳಬ ಸಾರ್, ನಿಮಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ.

ಒಂದೇ ಒಂದು, ಗಾಜಿನ ಬಲಗಡೆ ಕೆಳಗಿನ ಮೂಲೇಲಿ ಮಾತ್ರ ಒಂದು ಕಪ್ಪು ಗೆರೆ ಮೂಡ್ತಿದೆ, ಮಿಕ್ಕಿದ್ದೆಲ್ಲ ತಿಳಿ ಬೂದು ಬಣ್ಣ.

ಮಸಿಗೈ

ತಿಳಿ ಬೂದು ಪದರ ಬರೋದು ಸಹಜ ಅಕ್ಕ. ಗಾಜು ತಣ್ಣಗಾದ ಮೇಲೆ ಒದ್ದೆ ಪೇಪರ್‌ಗೆ ಅದೇ ಬೂದಿ ಸ್ವಲ್ಪ ಮುಟ್ಟಿಸಿ ಉಜ್ಜಿದ್ರೆ ಹೋಗುತ್ತೆ. ಒಂದೇ ಮೂಲೆ ಕಪ್ಪು ಅಂದ್ರೆ ಆ ಮೂಲೇಲಿ ಗ್ಯಾಸ್ಕೆಟ್ ಸಡಿಲ, ಬಾಗಿಲಿಂದೋ ಗಾಜಿನ ಸುತ್ತಲಿಂದೋ. ಕಾಗದದ ಪಟ್ಟಿ ಅಲ್ಲೇ ಹಾಕಿ ನೋಡಿ.

ಬೆಚ್ಚನೆಗೂಡು

ಜಾರ್ತು! ಒಂದು ಗೇಣು ಉದ್ದಕ್ಕೆ ಹಗ್ಗ ಚಪ್ಪಟೆಯಾಗಿ ಗಟ್ಟಿಯಾಗಿದೆ.

ನಟ್ಟುಬೋಲ್ಟು

ಹಾಗಾದ್ರೆ ಪೂರ್ತಿ ಹಗ್ಗ ಬದಲಾಯಿಸ್ಬಿಡಿ, ತೇಪೆ ಹಾಕ್ಬೇಡಿ. ದಪ್ಪ ಮ್ಯಾನುಯಲ್‌ನಲ್ಲಿ ನೋಡ್ಕೊಂಡು ಅದೇ ದಪ್ಪದ್ದು ತನ್ನಿ, ದಪ್ಪ ಜಾಸ್ತಿ ಆದ್ರೆ ಬಾಗಿಲು ಕೂರಲ್ಲ, ಕಮ್ಮಿ ಆದ್ರೆ ಸೋರುತ್ತೆ. ಹಳೇ ಅಂಟೆಲ್ಲ ಕೆರೆದು ತೆಗೀರಿ, ಬಿಸಿ ತಡೆಯೋ ಅಂಟು ಹಚ್ಚಿ, ಹಗ್ಗ ಕೂರಿಸೋವಾಗ ಎಳೀಬೇಡಿ. ಎಳೆದ್ರೆ ತೆಳ್ಳಗಾಗುತ್ತೆ, ಆಮೇಲೆ ಕುಗ್ಗಿ ಜಾಯಿಂಟ್ ಬಿಟ್ಕೊಳ್ಳುತ್ತೆ. ಅಂಟು ಒಣಗೋಕೆ ಡಬ್ಬಿ ಮೇಲೆ ಬರ್ದಿರೋ ಹೊತ್ತು ಬಿಟ್ಟು ಆಮೇಲೇ ಹಚ್ಚಿ.

ಕಿಟಕಿಪಕ್ಕ

ಮಧ್ಯದಲ್ಲಿ ಬರ್ತಿದೀನಿ ಕ್ಷಮಿಸಿ, ನಂದು ಬೇರೆ ತೊಂದ್ರೆ. ಹಾಪರ್ ತುಂಬ ಪೆಲೆಟ್ ಇದೆ, ಮೋಟಾರ್ ಶಬ್ದ ಬರ್ತಿದೆ, ಪಾಟ್‌ಗೆ ಒಂದು ಕಾಳೂ ಬೀಳ್ತಿಲ್ಲ. ಹಂಗೇ ಆರಿ ಹೋಗುತ್ತೆ. ಪ್ರೆಷರ್ ಎರರ್ ಏನೂ ಬರಲ್ಲ.

ಹಾಪರ್ಹಳಬ

ಮೊದ್ಲು ಪ್ಲಗ್ ಕಿತ್ತು ಹಾಪರ್ ಒಳಗೆ ಕೋಲಿನಿಂದ ತಳದವರೆಗೂ ಕೆದಕಿ. ಎಷ್ಟೋ ಸಲ ಪೆಲೆಟ್ ಮೇಲೆ ಕಮಾನು ಕಟ್ಕೊಂಡು ನಿಂತಿರುತ್ತೆ, ಕೆಳಗೆ ಖಾಲಿ. ಉದ್ದ ಕಾಳು, ತೇವ, ಹೊಟ್ಟು ಮೂರೂ ಇದಕ್ಕೆ ಕಾರಣ. ಆಮೇಲೆ ಹಾಪರ್ ಪೂರ್ತಿ ಖಾಲಿ ಮಾಡಿ, ತಳದ ಮೂಲೇಲಿ ಹೊಟ್ಟು ಗಟ್ಟಿಯಾಗಿ ಕೂತಿರುತ್ತೆ, ವ್ಯಾಕ್ಯೂಮ್ ಮಾಡಿ. ಈಗ ಆಗರ್ ಕಾಣುತ್ತೆ. ಪ್ಲಗ್ ಹಾಕಿ ಸ್ಟಾರ್ಟ್ ಕೊಟ್ಟು ಟಾರ್ಚ್ ಬಿಟ್ಟು ನೋಡಿ, ಕೈ ಮಾತ್ರ ಒಳಗೆ ಇಡ್ಬೇಡಿ. ಅದು ನಿಧಾನ, ನಿಮಿಷಕ್ಕೆ ಒಂದೆರಡು ಸುತ್ತು, ಅದೂ ಬಿಟ್ಟು ಬಿಟ್ಟು ತಿರುಗುತ್ತೆ, ತಾಳ್ಮೆಯಿಂದ ನೋಡ್ಬೇಕು.

ಮೋಟಾರ್ ತಿರುಗ್ತಿದೆ ಆಗರ್ ತಿರುಗ್ತಿಲ್ಲ ಅಂದ್ರೆ ಎರಡನ್ನೂ ಸೇರಿಸೋ ಸ್ಕ್ರೂ ಸಡಿಲ. ಮೋಟಾರ್ ಗುಂಯ್ ಅಂದು ಸ್ವಲ್ಪ ಮುಂದೆ ಹೋಗಿ ವಾಪಸ್ ಬರ್ತಿದ್ರೆ ಆಗರ್ ಸಿಕ್ಕಿಹಾಕ್ಕೊಂಡಿದೆ, ಇಲ್ಲಾ ಗೇರ್ ಹಲ್ಲು ಸವೆದಿದೆ. ಸ್ಕ್ರೂ ಬಿಚ್ಚಿ ಮೋಟಾರ್ ಬೇರೆ ಮಾಡಿ, ಆಗರ್‌ನ ಕೈಯಲ್ಲಿ ತಿರುಗ್ಸಿ. ತಿರುಗಿದ್ರೆ ಮೋಟಾರ್ ತಪ್ಪು, ತಿರುಗದಿದ್ರೆ ಒಳಗೆ ಏನೋ ಸಿಕ್ಕಿದೆ.

ಕಿಟಕಿಪಕ್ಕ

ಸಾರ್ ಸ್ಕ್ರೂನೇ! ಎರಡು ಸುತ್ತು ಸಡಿಲ ಆಗಿತ್ತು. ಬಿಗಿ ಮಾಡ್ದೆ, ಪೆಲೆಟ್ ಬೀಳ್ತಿದೆ. ಈಗ ಹೊಸ ಅನುಮಾನ, ನಾನು ಹತ್ತು ಸಲ ಸ್ಟಾರ್ಟ್ ಒತ್ತಿದ್ದೆ, ಈಗ ಪಾಟ್ ಪೂರ್ತಿ ತುಂಬಿದೆ, ಹಂಗೇ ಹಚ್ಚಲಾ?

ಹಾಪರ್ಹಳಬ

ಬೇಡ ಬೇಡ. ಖಾಲಿ ಮಾಡಿ. ತುಂಬಿದ ಪಾಟ್‌ಗೆ ಬೆಂಕಿ ಬಿದ್ರೆ ಮೊದ್ಲು ದಟ್ಟ ಹೊಗೆ ತುಂಬ್ಕೊಳ್ಳುತ್ತೆ, ಆ ಹೊಗೆನೇ ಉರಿಯೋ ಗ್ಯಾಸು, ಆಮೇಲೆ ಒಂದೇ ಸಲ ಭುಗ್ ಅಂತ ಹತ್ಕೊಳ್ಳುತ್ತೆ. ಗಾಜು ಒಡೆದಿರೋದೂ ಉಂಟು, ಪೈಪ್ ಜೋಡಣೆ ಬಿಟ್ಟಿರೋದೂ ಉಂಟು. ಒಳಗೆ ದಟ್ಟ ಹೊಗೆ ಸುತ್ತುತ್ತಿದ್ರೆ ಬಾಗಿಲು ತೆಗೀಲೇಬೇಡಿ, ದೂರ ನಿಂತು ಫ್ಯಾನ್ ಹೊಗೆ ಎಳೆದು ಮುಗಿಸೋವರೆಗೂ ಕಾಯಿರಿ. ಒಮ್ಮೆ ಹತ್ಕೊಳ್ದೆ ಹೋದ್ರೆ ಪ್ರತಿ ಸಲ ತಣ್ಣಗಾದ ಮೇಲೆ ಪಾಟ್ ಖಾಲಿ ಮಾಡೇ ಮತ್ತೆ ಸ್ಟಾರ್ಟ್ ಕೊಡ್ಬೇಕು. ಪಾಟ್‌ನಿಂದ ತೆಗೆದ ಪೆಲೆಟ್ ಹಾಪರ್‌ಗೆ ವಾಪಸ್ ಹಾಕ್ಬೇಡಿ, ಒಂದು ಕಾಳಿನ ಒಳಗೆ ಕೆಂಡ ಇದ್ರೂ ಸಾಕು. ಬೂದಿ ಬಕೆಟ್ಟಿಗೇ ಹಾಕಿ.

ರಾತ್ರಿಪಾಳಿ

ಇಗ್ನೈಟರ್ ಹೋಗಿದೆಯಾ ಇಲ್ವಾ ಅಂತ ಮೀಟರ್‌ನಲ್ಲಿ ಹೇಗೆ ನೋಡೋದು?

ನಟ್ಟುಬೋಲ್ಟು

ಪ್ಲಗ್ ಕಿತ್ತು, ಇಗ್ನೈಟರ್ ಎರಡು ವೈರ್ ಬಿಡ್ಸಿ ಓಮ್ಸ್ ನೋಡಿ. 230 ವೋಲ್ಟ್ 300 ವ್ಯಾಟ್ ಕಡ್ಡಿ ಆದ್ರೆ 176 ಓಮ್ಸ್ ಹತ್ರ, 120 ವೋಲ್ಟ್ 300 ವ್ಯಾಟ್ ಆದ್ರೆ 48 ಹತ್ರ ಬರುತ್ತೆ. ವ್ಯಾಟ್ ಬೇರೆ ಇದ್ರೆ ವೋಲ್ಟನ್ನ ವೋಲ್ಟಿಂದ್ಲೇ ಗುಣಿಸಿ ವ್ಯಾಟಿಂದ ಭಾಗಿಸಿ. ಏನೂ ತೋರಿಸ್ದೇ ಇದ್ರೆ ಒಳಗೆ ತಂತಿ ಹರಿದಿದೆ, ಹೊಸದು ಬೇಕು. ಸರಿಯಾಗಿ ತೋರ್ಸಿದ್ರೂ ಹತ್ಕೊಳ್ತಿಲ್ಲ ಅಂದ್ರೆ ಮತ್ತೆ ಹಳಬರ ಮಾತೇ, ಕಡ್ಡಿ ಸುತ್ತ ಬೂದಿ ನೋಡಿ.

ಮಂಜುಹನಿ

ಕರೆಂಟ್ ಹೋದಾಗ ಏನ್ ಮಾಡ್ತೀರ ಎಲ್ರೂ? ಹೊಗೆ ಎಳೆಯೋ ಫ್ಯಾನ್ ನಿಂತ್ರೆ ಪಾಟ್‌ನಲ್ಲಿರೋ ಕೆಂಡದ ಹೊಗೆ ಎಲ್ಲಿಗೆ ಹೋಗುತ್ತೆ ಅಂತ ಪ್ರತಿ ಸಲ ಯೋಚನೆ ಬರುತ್ತೆ.

ಸೌದೆಸಾಲು

ಪೈಪು ಗೋಡೆಯಿಂದ ಹೊರಗೆ ಹೋದ ತಕ್ಷಣ ನಿಂತ್ರೆ ಹೊಗೆ ವಾಪಸ್ ಬರೋ ಸಾಧ್ಯತೆ ಜಾಸ್ತಿ. ನೇರ ಮೇಲಕ್ಕೆ ಎರಡು ಮೂರು ಮೀಟರ್ ಏರಿದ್ರೆ ಬಿಸಿ ಹೊಗೆ ಫ್ಯಾನ್ ಇಲ್ದೆನೂ ಮೇಲಕ್ಕೆ ಎಳ್ಕೊಳ್ಳುತ್ತೆ. ನಾನು ಜೊತೆಗೆ ಯುಪಿಎಸ್ ಇಟ್ಟಿದೀನಿ, ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನ ಹಾಗೆ ನಯವಾದ ಅಲೆ) ಇರೋದು, ಇನ್ನೊಂದು ಥರದ್ದಕ್ಕೆ ಫ್ಯಾನ್ ಮೋಟಾರ್ ಗೊರ ಗೊರ ಅಂದು ಬಿಸಿ ಆಗುತ್ತೆ. ಕರೆಂಟ್ ಹೋದ ತಕ್ಷಣ ನಾನೇ ಆಫ್ ಬಟನ್ ಒತ್ತಿ ಕ್ರಮವಾಗಿ ಆರಿಸ್ತೀನಿ. ಬಾಗಿಲು ತೆಗೆಯಲ್ಲ.

ಬೆಚ್ಚನೆಗೂಡು

ಎಲ್ರಿಗೂ ಮತ್ತೆ ಥ್ಯಾಂಕ್ಸ್. ಹಗ್ಗ ಬದಲಾಯ್ಸಿದೆ, ಕಪ್ಪು ಗೆರೆ ಹೋಯ್ತು. ಮೂರು ವಾರದಿಂದ ಒಂದೂ ಎರರ್ ಇಲ್ಲ. ಬೋರ್ಡ್ ಹಳೇದೇ ಇದೆ. ಕುತೂಹಲಕ್ಕೆ ಹಳೇ ಪ್ರೆಷರ್ ಸ್ವಿಚ್ಚನ್ನೂ ವಾಪಸ್ ಹಾಕಿ ನೋಡಿದೆ, ಹಳಬ ಸಾರ್ ಹೇಳಿದ ಹಾಗೆ ಅದು ಸರಿಯಾಗೇ ಇದೆ, ಈಗ ಅದ್ರಲ್ಲೇ ಉರೀತಿದೆ, ಹೊಸದು ಡಬ್ಬೀಲಿ ಎತ್ತಿಟ್ಟಿದೀನಿ. ಚೀಲ ಎಣಿಸೋಕೆ ಗೋಡೆ ಮೇಲೆ ಒಂದು ಕ್ಯಾಲೆಂಡರ್ ಹಾಕಿದೀನಿ. ಹಲಗೆ ಎಷ್ಟು ಚೀಲಕ್ಕೊಮ್ಮೆ ಬಿಚ್ಚಬೇಕು?

ಹಾಪರ್ಹಳಬ

ನಾನು ಸುಮಾರು 60 ಚೀಲಕ್ಕೆ, ಅಂದ್ರೆ ಒಂದು ಟನ್ ಹತ್ರ ಬಂದಾಗ ಹಲಗೆ, ಗುಂಡಿ, ಟೀ ಮೂರೂ ತೆಗೀತೀನಿ. ನಿಮ್ಮ ಮ್ಯಾನುಯಲ್ ಇನ್ನೂ ಬೇಗ ಅಂದ್ರೆ ಅದನ್ನೇ ಕೇಳಿ. ಉರಿ ನೋಡಿದ್ರೂ ಗೊತ್ತಾಗುತ್ತೆ, ಚಿಕ್ಕದಾಗಿ ಚುರುಕಾಗಿದ್ದಿದ್ದು ಉದ್ದ ಆಗಿ ಕಿತ್ತಳೆಗೆ ತಿರುಗಿದ್ರೆ ಚೀಲದ ಲೆಕ್ಕ ಬಿಟ್ಟು ಬಿಚ್ಚಿ.

ಚಳಿಗಾಲ ಮುಗಿದ ವಾರವೇ ದೊಡ್ಡ ಕ್ಲೀನಿಂಗ್ ಮಾಡಿ, ಮುಂದಿನ ಚಳಿಗೆ ಅಂತ ಬಿಡ್ಬೇಡಿ. ಬೂದಿಗೆ ಮಳೆಗಾಲದ ತೇವ ಸೇರಿದ್ರೆ ಕ್ಷಾರ ಆಗಿ ಒಳಗಿನ ತಗಡು ತಿನ್ನುತ್ತೆ. ಹಾಪರ್‌ನಲ್ಲೂ ಆಗರ್‌ನಲ್ಲೂ ಪೆಲೆಟ್ ಬಿಡ್ಬೇಡಿ, ತೇವ ಎಳ್ಕೊಂಡು ಉಬ್ಬಿ ಹೊಟ್ಟಾಗಿ ಗಟ್ಟಿ ಕೂರುತ್ತೆ. ಪ್ಲಗ್ ಕಿತ್ತಿಡಿ, ನಟ್ಟುಬೋಲ್ಟು ಅವರ ಸಿಡಿಲಿನ ಕಥೆ ಓದಿದ್ರಲ್ಲ. ಹೊರಗಿನ ಪೈಪ್ ಬಾಯಿಗೆ ಹಕ್ಕಿ ಗೂಡು ಕಟ್ಟದ ಹಾಗೆ ಮುಚ್ಚಿ, ಮುಚ್ಚಿದೀನಿ ಅಂತ ಒಂದು ಚೀಟಿ ಬರೆದು ಸ್ಟಾರ್ಟ್ ಬಟನ್ ಮೇಲೇ ಅಂಟಿಸಿ.

ಫ್ಯಾನ್ ಗ್ಯಾಸ್ಕೆಟ್ ಸಿಕ್ತಾ?

ಬೆಚ್ಚನೆಗೂಡು

ನಿನ್ನೆ ಬಂತು ಸಾರ್. ಈ ಭಾನುವಾರ ಬಿಚ್ತೀನಿ, ರೆಕ್ಕೆ ಹೇಗಿದೆ ಅಂತ ಫೋಟೋ ಹಾಕ್ತೀನಿ.